ಮಳೆಗೆ ಮೊದಲು ರಸ್ತೆಗೂ ಮದ್ದು

ಹೆದ್ದಾರಿ ಬಿಟ್ಟು ಇಡಗುಂಜಿಯ ಕಡೆಗೆ ತಿರುಗಿದರೆ ಸಿಗುವಂಥ ಊರ ರಸ್ತೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಗಲ 3.75 ಮೀಟರ್, ಒಂದು ಬಸ್ಸು ಬಂದರೆ ಎದುರಿನ ರಿಕ್ಷಾ ಅಂಚಿಗೆ ಇಳಿದು ನಿಲ್ಲಬೇಕಾದಷ್ಟು. ನಮ್ಮ ಹೊನ್ನಾವರ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂದರೆ ಆ ರಸ್ತೆಯ ಒಂದೇ ಕಿಲೋಮೀಟರಿನ ಮೈಮೇಲೆ ವರ್ಷಕ್ಕೆ ಕಡಿಮೆಯೆಂದರೂ 1 ಕೋಟಿ 12 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದಿಂದ, ಬೇಣದಿಂದ, ಮನೆಗಳ ಮಾಡಿನಿಂದ ಇಳಿದು ಬರುವ ನೀರು ಬೇರೆ. ಇಷ್ಟು ನೀರನ್ನು ರಸ್ತೆಯ ಮೇಲಿಂದ ಇಳಿಸಿ, ಗಟಾರಕ್ಕೆ ಸೇರಿಸಿ, ಮೋರಿ ದಾಟಿಸಿ ಹಳ್ಳಕ್ಕೆ ಮುಟ್ಟಿಸುವವರು ಯಾರು? ಆ ರಸ್ತೆ ಹತ್ತು ವರ್ಷ ಬಾಳುತ್ತದೋ ಎರಡೇ ವರ್ಷಕ್ಕೆ ಹೊಂಡ ಬೀಳುತ್ತದೋ ಎಂಬುದು ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ.

ರಸ್ತೆ ಕೆಲಸದ ಎಂಜಿನಿಯರ್ ಆಗಿ ಘಟ್ಟದ ಮೇಲೂ ಕೆಳಗೂ ದುಡಿದು ನಿವೃತ್ತನಾದವನು ನಾನು. ಈಗ ಇಡಗುಂಜಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಪ್ರತಿ ಮಳೆಗಾಲ ಕಳೆದ ಮೇಲೆ ಪತ್ರಿಕೆಗಳಲ್ಲಿ ಹೊಂಡದ ಚಿತ್ರಗಳು ಬರುತ್ತವೆ. ಹೊಂಡದಲ್ಲಿ ಬಾಳೆಗಿಡ ನೆಟ್ಟು ಪ್ರತಿಭಟಿಸುತ್ತಾರೆ, ಮನವಿ ಕೊಡುತ್ತಾರೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ನಾವು ಸಿಟ್ಟಾಗುವ ಹೊತ್ತಿಗೆ ಹಣ ಆಗಲೇ ನೀರಿನ ಜೊತೆ ಹರಿದು ಹೋಗಿರುತ್ತದೆ. ಕೇಳಬೇಕಾದ ಕಾಲದಲ್ಲಿ, ಅಂದರೆ ರಸ್ತೆ ಇನ್ನೂ ಚೆನ್ನಾಗಿರುವಾಗ, ಯಾರೂ ಏನನ್ನೂ ಕೇಳುವುದಿಲ್ಲ.

ಸುಮಾರು 200 ವರ್ಷಗಳ ಹಿಂದೆ ಬ್ರಿಟನ್ನಿನ ಬ್ರಿಸ್ಟಲ್ ಸುತ್ತಿನ ರಸ್ತೆಗಳ ಮೇಲ್ವಿಚಾರಣೆ ಮಾಡುತ್ತಿದ್ದ ಜಾನ್ ಲೌಡನ್ ಮೆಕಾಡಮ್ ಒಂದು ಮಾತನ್ನು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟ. ಬಂಡಿಯ ಭಾರ ಹೊರುವುದು ಮೇಲಿನ ಕಲ್ಲಲ್ಲ, ಅಡಿಯ ಮಣ್ಣು. ಅದು ಒಣಗಿರುವವರೆಗೆ ಎಷ್ಟು ಭಾರವನ್ನಾದರೂ ಹೊರುತ್ತದೆ, ನೆನೆದರೆ ಮುಗಿಯಿತು. ಮೇಲೆ ಹಾಸಿದ ಜಲ್ಲಿಯ ಮುಖ್ಯ ಕೆಲಸ ಆ ಮಣ್ಣಿಗೆ ಮಾಡಾಗಿ ನಿಲ್ಲುವುದು. ಡಾಂಬರು ಬಂತು, ಕಾಂಕ್ರೀಟ್ ಬಂತು, ದೊಡ್ಡ ದೊಡ್ಡ ಯಂತ್ರಗಳು ಬಂದವು. ಈ ಸತ್ಯ ಮಾತ್ರ ಬದಲಾಗಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನ ನೆಲವಂತೂ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ. ಆಷಾಢದಲ್ಲಿ ಗಟಾರ ಕಟ್ಟಿ ನೀರು ನಿಂತ ಜಾಗದಲ್ಲಿ ಅದೇ ಮಣ್ಣನ್ನು ಕೈಯಿಂದ ತೆಗೆದು ಉಂಡೆ ಮಾಡಬಹುದು.

ಅದಕ್ಕೇ ರಸ್ತೆಯ ನಡುವೆ ಕೊಂಚ ಉಬ್ಬು ಕೊಡುತ್ತಾರೆ. ಕ್ಯಾಂಬರ್ ಎನ್ನುತ್ತೇವೆ. ಹೆಚ್ಚು ಮಳೆಯ ಊರಿನ ಡಾಂಬರು ರಸ್ತೆಗೆ ಎರಡೂವರೆ ಶೇಕಡಾ ಇಳಿಜಾರು ಬೇಕು. 3.75 ಮೀಟರ್ ರಸ್ತೆಯಲ್ಲಿ ನಡುವಿಗೂ ಅಂಚಿಗೂ ಇರಬೇಕಾದ ವ್ಯತ್ಯಾಸ ಐದು ಸೆಂಟಿಮೀಟರಿಗೂ ಕಡಿಮೆ, ಮೂರು ಬೆರಳಿನಷ್ಟು. ಇಷ್ಟೇ ಇಳಿಜಾರು ನೀರನ್ನು ಹೊರಗೆ ಹಾಕುತ್ತದೆ. ಆದರೆ ಹೊರಗೆ ಬಿದ್ದ ನೀರಿಗೆ ಮುಂದೆ ದಾರಿ ಇರಬೇಕಲ್ಲ! ನಮ್ಮ ಕಡೆಯ ರಸ್ತೆಗಳ ಅಂಚಿನಲ್ಲಿ ನಡೆದು ನೋಡಿ. ವರ್ಷದಿಂದ ವರ್ಷಕ್ಕೆ ಹುಲ್ಲು ಬೆಳೆದು, ಅದರ ಬುಡದಲ್ಲಿ ಮಣ್ಣು ಕೂತು, ಬದಿಯ ನೆಲ ಡಾಂಬರಿಗಿಂತ ಎತ್ತರ ಆಗಿರುತ್ತದೆ. ನೀರು ಗಟಾರಕ್ಕೆ ಇಳಿಯದೆ ರಸ್ತೆಯ ಅಂಚಿನಲ್ಲೇ ಹರಿಯುತ್ತದೆ, ಅಂಚನ್ನು ಕೊರೆಯುತ್ತದೆ. ಮುಂದೆ ಮನೆಯ ಅಂಗಳಕ್ಕೆ ಕಾರು ಹೋಗಲೆಂದು ಯಾರೋ ಗಟಾರಕ್ಕೆ ಮಣ್ಣು ತುಂಬಿರುತ್ತಾರೆ, ಕೆಳಗೆ ಪೈಪ್ ಇಟ್ಟಿರುವುದಿಲ್ಲ. ಇನ್ನೊಬ್ಬರು ಪೈಪ್ ಇಟ್ಟಿರುತ್ತಾರೆ, ಆದರೆ ಅದು ಬಚ್ಚಲ ನೀರಿಗೆ ಸಾಕಾಗುವ ಪೈಪು. ಅದರ ಬಾಯಿಗೆ ದರಕು, ಅಡಿಕೆ ಸೋಗೆ, ಒಂದೆರಡು ಪ್ಲಾಸ್ಟಿಕ್ ಕೊಟ್ಟೆ ಬಂದು ಕಚ್ಚಿಕೊಂಡರೆ ಮೊದಲ ದೊಡ್ಡ ಮಳೆಗೆ ಗಟಾರದ ನೀರೆಲ್ಲ ರಸ್ತೆಗೆ ಏರುತ್ತದೆ. ಆ ಜಾಗದಲ್ಲಿ ಚೌತಿ ಹಬ್ಬದ ಹೊತ್ತಿಗೆ ಹೊಂಡ ಗ್ಯಾರಂಟಿ. ನಾವು ಬೈಯುವುದು ಮಾತ್ರ ಡಾಂಬರನ್ನು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರಸ್ತೆಗೆ ಗ್ಯಾಂಗಿನವರು ಇದ್ದರು. ಇಂತಿಷ್ಟು ದೂರಕ್ಕೆ ಇಂತಿಷ್ಟು ಜನ ಎಂದು ಹಂಚಿಕೆ. ಮಳೆಗಾಲದಲ್ಲಿ ತಲೆಗೆ ಕಂಬಳಿಕೊಪ್ಪೆ, ಕೈಯಲ್ಲಿ ಗುದ್ದಲಿ ಹಿಡಿದು ಸುರಿವ ಮಳೆಯಲ್ಲೇ ನಡೆದು ಹೋಗುತ್ತಿದ್ದರು. ಮಳೆ ಬರುವಾಗಲೇ ಹೋಗಬೇಕು, ನೀರು ಎಲ್ಲಿ ತಡೆಯುತ್ತದೆ ಎಂದು ಆಗಲೇ ಗೊತ್ತಾಗುವುದು ಎಂದು ನನಗೆ ಕಲಿಸಿದವರು ಅವರೇ. ಅವರಲ್ಲಿ ಒಬ್ಬರು ಹೇಳುತ್ತಿದ್ದರು: "ನೀರಿಗೆ ಹೋಗುಕೆ ದಾರಿ ಮಾಡಿ ಕೊಟ್ರೆ ರಸ್ತೆ ತನ್ನಷ್ಟಕ್ಕೆ ಉಳಿತದೆ ಸಾಹೇಬ್ರೆ." ಕಾಲೇಜಿನಲ್ಲಿ ಓದಿದ ಪುಸ್ತಕಕ್ಕಿಂತ ಆ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಆ ಗ್ಯಾಂಗಿನವರು ನಿವೃತ್ತರಾಗುತ್ತ ಹೋದರು. ಅವರ ಜಾಗಕ್ಕೆ ಹೊಸಬರು ಬರಲಿಲ್ಲ. ಕೆಲಸವೆಲ್ಲ ಗುತ್ತಿಗೆಗೆ ಹೋಯಿತು. ಹೊಸ ರಸ್ತೆ ಹಾಸುವುದು ಗುತ್ತಿಗೆಗೆ ಒಗ್ಗುವ ಕೆಲಸ. ಜುಲೈ ತಿಂಗಳ ಒಂದು ಮಧ್ಯಾಹ್ನ ಮೋರಿಯ ಬಾಯಿಗೆ ಸಿಕ್ಕ ಸೋಗೆ ಎಳೆದು ಬಿಸಾಡುವುದು ಗುತ್ತಿಗೆಗೆ ಒಗ್ಗುವುದಿಲ್ಲ.

ಅಡಿಕೆ ಬೆಳೆಯುವವರಿಗೆ ನಾನು ಹೇಳಬೇಕಾದದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಕೊಳೆರೋಗಕ್ಕೆ ಮದ್ದು ಹೊಡೆಯುವುದು ಯಾವಾಗ? ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗದ ಕುರಿತು ಕೆಲಸ ಮಾಡಿದ ಕಾಲದಿಂದ ಇಂದಿನವರೆಗೆ ಉತ್ತರ ಒಂದೇ. ಮಳೆ ಹಿಡಿಯುವ ಮೊದಲು, ಕೊನೆ ಹಸಿರಾಗಿ ಚೆನ್ನಾಗಿರುವಾಗ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಕೊನೆಗೌಡ ಸಿಗಲಿಲ್ಲ ಎಂದು ತಡಮಾಡಿ, ಅಡಿಕೆ ಉದುರಲು ಶುರುವಾದ ಮೇಲೆ ಹೊಡೆದರೆ ಮದ್ದಿನ ಹಣವೂ ಹೋಯಿತು, ಬೆಳೆಯೂ ಹೋಯಿತು. ಕಾಯಿಲೆ ಬಾರದ ಮರಕ್ಕೆ ಮದ್ದು ಯಾಕೆ ಎಂದು ನಮ್ಮ ತೋಟಿಗರು ಯಾರೂ ಕೇಳುವುದಿಲ್ಲ. ರಸ್ತೆಯ ವಿಷಯಕ್ಕೆ ಬಂದರೆ ಇದೇ ನಾವು, ಚೆನ್ನಾಗಿರುವ ರಸ್ತೆಗೆ ಖರ್ಚು ಯಾಕೆ ಎನ್ನುತ್ತೇವೆ.

ಡಾಂಬರಿಗೂ ಮುಪ್ಪು ಇದೆ. ಹಾಸಿದಾಗ ಕಪ್ಪಗಿರುವ ಮೈ ಬಿಸಿಲು, ಗಾಳಿಗೆ ಬಿದ್ದು ನಾಲ್ಕೈದು ವರ್ಷದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಎಣ್ಣೆಯಂಶ ಆರಿ, ಮೆತುತನ ಹೋಗಿ, ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಆಗ ರಸ್ತೆ ನೋಡಲು ಚೆನ್ನಾಗಿಯೇ ಇರುತ್ತದೆ, ಬಸ್ಸು ಸಲೀಸಾಗಿ ಓಡುತ್ತದೆ. ಮದ್ದಿನ ಕಾಲ ಅದೇ. ಬಿರುಕಿಗೆ ಡಾಂಬರಿನ ಎಮಲ್ಷನ್ ಸುರಿದು ಮುಚ್ಚಬಹುದು. ಇಡೀ ಮೈಗೆ ಎಮಲ್ಷನ್, ಸಣ್ಣ ಕಡಿಪುಡಿ ಕಲೆಸಿದ ತೆಳು ಲೇಪ ಕೊಡಬಹುದು. ಸ್ಲರಿ ಸೀಲ್, ಮೈಕ್ರೋ ಸರ್ಫೇಸಿಂಗ್ ಎನ್ನುವ ಈ ಲೇಪಗಳ ದಪ್ಪ ಕೆಲವೇ ಮಿಲಿಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆಂದೇ ಕೈಪಿಡಿ ಪ್ರಕಟಿಸಿದೆ. ಈ ಲೇಪ ರಸ್ತೆಗೆ ಹೊಸ ಬಲ ಕೊಡುವುದಿಲ್ಲ ನಿಜ, ಆದರೆ ನೀರನ್ನು ಒಳಗೆ ಬಿಡುವುದಿಲ್ಲ. ಇರುವ ಬಲ ಉಳಿಯುತ್ತದೆ.

ಈ ಹಂತ ತಪ್ಪಿದರೆ ಮುಂದಿನದು ಬಹಳ ಬೇಗ ಆಗುತ್ತದೆ. ಎಳೆ ಬಿರುಕುಗಳು ಕೂಡಿ ಜಾಲ ಬಿರುಕಾಗುತ್ತವೆ. ಜಾಲದ ಮೇಲೆ ಟಿಪ್ಪರ್ ಹತ್ತಿದಾಗ ಬಿರುಕಿನೊಳಗಿನ ನೀರು ಪಂಪಿನಂತೆ ಒತ್ತಡಕ್ಕೆ ಸಿಕ್ಕಿ ಅಡಿಯ ಮಣ್ಣನ್ನು ಮೇಲಕ್ಕೆ ಉಗುಳುತ್ತದೆ. ಮಳೆಯಲ್ಲಿ ಬಿರುಕಿನ ಸುತ್ತ ಕೆಂಪು ಕೆಸರು ಕಂಡರೆ ಅಡಿಪಾಯ ಹೋಯಿತೆಂದೇ ತಿಳಿಯಬೇಕು. ರಸ್ತೆ ಬಹುಕಾಲ ನಿಧಾನವಾಗಿ ಸವೆಯುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆಯ ಅಂದಾಜಿನಂತೆ ಮೂರು ವರ್ಷ ನಿರ್ವಹಣೆ ತಪ್ಪಿಸಿದರೆ ದುರಸ್ತಿಯ ಖರ್ಚು ಆರು ಪಟ್ಟು, ಐದು ವರ್ಷ ತಪ್ಪಿಸಿದರೆ ಹದಿನೆಂಟು ಪಟ್ಟು ಆಗುತ್ತದೆ. ವಿಶ್ವಬ್ಯಾಂಕಿನ 1994ರ ಅಭಿವೃದ್ಧಿ ವರದಿ ಆಫ್ರಿಕಾದ ಒಂದು ದಶಕದ ಲೆಕ್ಕ ಕೊಟ್ಟಿತು. ಸಕಾಲದಲ್ಲಿ 1200 ಕೋಟಿ ಡಾಲರ್ ನಿರ್ವಹಣೆಗೆ ಹಾಕಿದ್ದರೆ 4500 ಕೋಟಿ ಡಾಲರಿನ ಮರುನಿರ್ಮಾಣ ತಪ್ಪುತ್ತಿತ್ತು. ಅಲ್ಲಿಯ ಬಹಳಷ್ಟು ಊರುಗಳಲ್ಲಿ ನಮ್ಮಷ್ಟು ಮಳೆಯಿಲ್ಲ. ನಮ್ಮಲ್ಲಿ ಆ ಲೆಕ್ಕ ಇನ್ನೂ ಬಿಗಿಯಾದೀತೇ ಹೊರತು ಸಡಿಲವಾಗದು.

ಹಾಗಿದ್ದರೆ ಯಾಕೆ ಮಾಡುವುದಿಲ್ಲ? ಎಂಜಿನಿಯರಿಗೆ ತಿಳಿಯದೆ ಅಲ್ಲ. ಸರ್ಕಾರದ ಲೆಕ್ಕಪುಸ್ತಕದಲ್ಲಿ ರಸ್ತೆ ಮತ್ತು ಸೇತುವೆಗೆ ಎರಡು ಶೀರ್ಷಿಕೆಗಳಿವೆ. ನಿರ್ವಹಣೆ ಬರುವುದು 3054ರಲ್ಲಿ, ಹೊಸ ಬಂಡವಾಳ ಕಾಮಗಾರಿ 5054ರಲ್ಲಿ. 5054ರ ಕೆಲಸಕ್ಕೆ ಗುದ್ದಲಿ ಪೂಜೆ ಇದೆ, ಫಲಕ ಇದೆ, ಪತ್ರಿಕೆಯಲ್ಲಿ ಫೋಟೋ ಇದೆ. 3054ರಲ್ಲಿ ಬಿರುಕು ಮುಚ್ಚಿಸಿದ ಶಾಸಕರಿಗೆ ಹಾರ ಹಾಕಿದ ಊರನ್ನು ನಾನು ಕಂಡಿಲ್ಲ. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ, ಯಾಕೆಂದರೆ ಆ ವರ್ಷ ಯಾರಿಗೂ ಅದು ಕಾಣುವುದಿಲ್ಲ. ಉಳಿದ ಅಲ್ಪಸ್ವಲ್ಪವೂ ಅತಿ ಕೆಟ್ಟ ರಸ್ತೆಯ ಹೊಂಡಕ್ಕೆ ಹೋಗುತ್ತದೆ. ಆ ರಸ್ತೆಯ ಅಡಿಪಾಯವೇ ಹೋಗಿರುವುದರಿಂದ ತುಂಬಿದ್ದು ಮುಂದಿನ ಮಳೆಗೆ ಏಳುತ್ತದೆ. ಅಷ್ಟರಲ್ಲಿ ಚೆನ್ನಾಗಿದ್ದ ಇನ್ನೊಂದು ರಸ್ತೆ ಮದ್ದಿಲ್ಲದೆ ಕೆಟ್ಟಿರುತ್ತದೆ. ಅದು ಮರುವರ್ಷ ಸಾಲಿಗೆ ಸೇರುತ್ತದೆ.

ಇಲ್ಲಿ ಒಂದು ನೇರ ಪ್ರಶ್ನೆ ಬರುತ್ತದೆ. ಊರಿನ ಸಭೆಯೊಂದರಲ್ಲಿ ನಾನು ಇದನ್ನು ಹೇಳಿದಾಗ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದರು: "ಹಂಗಾರೆ ನಮ್ಮ ಕೇರಿ ರಸ್ತೆ ಹೀಂಗೇ ಇರಬೇಕಾ? ಬಸುರಿ ಹೆಂಗ್ಸನ್ನ ರಿಕ್ಷಾದಾಗೆ ಕೂರ್ಸಿ ತಕಂಡು ಹೋಗುದು ನಾವು." ಅವರ ಮಾತಿಗೆ ತಲೆಬಾಗಲೇಬೇಕು. ಹಾಳಾದ ರಸ್ತೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಬಂಡವಾಳದ ಹಣದಲ್ಲಿ, ಅಡಿಯಿಂದ ಅಗೆದು, ಗಟಾರ ಸಮೇತ ಹೊಸದಾಗಿ ಮಾಡಬೇಕು. ಸರದಿ ಬರುವವರೆಗೆ ಹೊಂಡಕ್ಕೆ ಜಲ್ಲಿ ತುಂಬಿ, ನೀರು ತಿರುಗಿಸಿ ಓಡಾಡುವಂತೆ ಇಡಬೇಕು. ನಾನು ಬೇಡುವುದು ಇಷ್ಟೇ: ಒಳ್ಳೆಯ ರಸ್ತೆಯನ್ನು ಕಾಯುವ ಹಣವನ್ನು ಬೇರೆ ಇಡಿ, ಏನೇ ಬಂದರೂ ಅದಕ್ಕೆ ಕೈ ಹಾಕಬೇಡಿ. ಒಳ್ಳೆಯ ರಸ್ತೆ ಕೆಡುವುದು ನಿಂತರೆ ಮಾತ್ರ ಆ ತಾಯಿಯ ಕೇರಿಗೆ ಹಣ ಉಳಿಯುತ್ತದೆ. ಇಲ್ಲವಾದರೆ ಅವರ ಸರದಿ ಎಂದೂ ಬರುವುದಿಲ್ಲ.

ಇನ್ನು ಭಾರದ ಮಾತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆಯ ಮೇಲೆ ಲಾರಿ ಓಡಿಸಿ ಓಡಿಸಿ ನಡೆಸಿದ ಪರೀಕ್ಷೆಯಿಂದ ಒಂದು ನಿಯಮ ಗೊತ್ತಾಯಿತು. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಟೈರಿನ ಒಂದು ಆಕ್ಸಲ್‌ಗೆ ಅನುಮತಿಸಿದ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಏರಿದ್ದು ಶೇಕಡಾ 13ರಷ್ಟೇ ಎನಿಸುತ್ತದೆ, ಆದರೆ ಅದೇ ನಿಯಮದ ಪ್ರಕಾರ ಹಾನಿ ಏರಿದ್ದು ಶೇಕಡಾ 60ರಷ್ಟು. ಅದು ಕಾನೂನಿನ ಮಿತಿಯೊಳಗಿನ ಲಾರಿ. ಮಿತಿ ಮೀರಿ ಚಿರೆಕಲ್ಲು, ಜಲ್ಲಿ ಹೇರಿದ ಲಾರಿ ಊರ ರಸ್ತೆಗೆ ಹತ್ತಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಂಕಷ್ಟಿಯ ದಿನ ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಬರುವ ಸಾಲು ಸಾಲು ಕಾರುಗಳಿಂದ ರಸ್ತೆ ಕೆಡುತ್ತದೆ ಎಂದು ಕೆಲವರು ದೂರುತ್ತಾರೆ. ಅದು ತಪ್ಪು ಗ್ರಹಿಕೆ. ಆ ದಿನದ ಕಾರುಗಳೆಲ್ಲ ಸೇರಿ ಮಾಡುವ ಹಾನಿ ಹೊರೆ ಮೀರಿದ ಒಂದು ಟಿಪ್ಪರ್ ಮಾಡುವ ಹಾನಿಗೆ ಸಮನಾಗುವುದಿಲ್ಲ. ಕಾರುಗಳಿಗೆ ಬೇಕಾದದ್ದು ನಿಲ್ಲಲು ಜಾಗ. ಆ ಜಾಗ ರಸ್ತೆ ಬದಿಯ ಗಟಾರದ ಮೇಲೆ ಆಗದಂತೆ ನೋಡಿಕೊಂಡರೆ ಸಾಕು.

ಹೊಂಡ ಬಿದ್ದೇ ಬಿಟ್ಟಿತು ಎನ್ನಿ. ಅದನ್ನು ತುಂಬುವುದಕ್ಕೂ ಕ್ರಮ ಇದೆ. ಕೆಂಪು ಮಣ್ಣು, ಒಡೆದ ಹಂಚು, ಕಟ್ಟಡದ ಕಸ ಸುರಿದರೆ ಒಂದು ಮಳೆಗೆ ಕೆಸರು, ಒಂದು ಬಿಸಿಲಿಗೆ ಧೂಳು. ಹೊಂಡದ ಸುತ್ತಿನ ಸಡಿಲ ಭಾಗವನ್ನು ಗಟ್ಟಿ ನೆಲ ಸಿಗುವವರೆಗೆ ಚೌಕವಾಗಿ ಕಡಿಯಬೇಕು, ಬದಿಗಳು ಗೋಡೆಯಂತೆ ನೆಟ್ಟಗಿರಬೇಕು. ಒಳಗಿನ ನೀರು, ಧೂಳು ತೆಗೆದು, ತಳಕ್ಕೂ ಬದಿಗೂ ಎಮಲ್ಷನ್ ಬಳಿದು, ಡಾಂಬರು, ಜಲ್ಲಿಯ ಮಿಶ್ರಣವನ್ನು ಪದರ ಪದರವಾಗಿ ಹಾಕಿ ಪ್ರತಿ ಪದರಕ್ಕೂ ದಮ್ಮಸು ಹೊಡೆಯಬೇಕು. ಕೊನೆಗೆ ಅಂಚಿನ ಸಂದಿಯನ್ನು ಮತ್ತೆ ಎಮಲ್ಷನ್‌ನಿಂದ ಮುಚ್ಚಬೇಕು. ಇದಕ್ಕೆ ಬೆಂಕಿ ಬೇಡ, ದೊಡ್ಡ ಯಂತ್ರ ಬೇಡ. ಚೀಲದಲ್ಲಿ ಸಿಗುವ ತಯಾರು ತಣ್ಣನೆಯ ಮಿಶ್ರಣಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲೇ ಮಾನದಂಡ ಕೊಟ್ಟಿದೆ. ಒದ್ದೆ ನೆಲದ ಮೇಲೂ ಹಾಕಬಹುದಾದ ಮಿಶ್ರಣವಿದೆ. ನಮ್ಮಂಥ ಊರಿಗೆ ಇದಕ್ಕಿಂತ ಒಗ್ಗುವ ವಸ್ತು ಇನ್ನೊಂದಿಲ್ಲ. ಪಂಚಾಯತಿಯ ಗೋದಾಮಿನಲ್ಲಿ ಮೇ ತಿಂಗಳಲ್ಲೇ ಐವತ್ತು ಚೀಲ ತಂದಿಟ್ಟುಕೊಂಡರೆ, ಊಟದ ತಟ್ಟೆಯಷ್ಟು ಇರುವಾಗಲೇ ಹೊಂಡ ಮುಚ್ಚಬಹುದು. ಕತ್ತಲಲ್ಲಿ, ಮಳೆನೀರು ತುಂಬಿದ ಹೊಂಡಕ್ಕೆ ಬೈಕು ಇಳಿಸಿ ಬಿದ್ದವರು ನಮ್ಮ ನಿಮ್ಮ ಮನೆಯ ಹುಡುಗರು. ಇದು ಕೇವಲ ಹಣದ ಲೆಕ್ಕವಲ್ಲ.

ಪಟ್ಟಣಗಳಲ್ಲಿ ಇನ್ನೊಂದು ರೋಗ. ಹೊನ್ನಾವರದ ಬಂದರು ರಸ್ತೆಯಿರಲಿ, ಕುಮಟಾದ ಗಿಬ್ ಸರ್ಕಲ್ ಸುತ್ತಿನ ಬೀದಿಗಳಿರಲಿ, ಭಟ್ಕಳದ ಪೇಟೆಯ ಕಿರುಬೀದಿಗಳಿರಲಿ, ಡಾಂಬರು ಅಥವಾ ಕಾಂಕ್ರೀಟ್ ಹಾಕಿದ ಮೇಲೆ ಅಗೆಯುವುದು. ನೀರಿನ ಪೈಪು, ಒಳಚರಂಡಿ, ಕೇಬಲ್ಲು. 2019ರಲ್ಲಿ ಜಲ ಜೀವನ ಮಿಷನ್ ಶುರುವಾದ ಮೇಲೆ ಹಳ್ಳಿಯ ರಸ್ತೆಗಳಿಗೂ ಇದು ಬಂತು. ಮನೆಮನೆಗೆ ನಲ್ಲಿ ಬರಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲುವೆ ತೋಡಿದವರು ಮಣ್ಣನ್ನು ಗುಡ್ಡೆಯಾಗಿ ದೂಡಿ ಮೇಲೆ ಸಿಮೆಂಟು ಎರಚಿ ಹೋದರೆ, ಆ ಮಣ್ಣು ಮೊದಲ ಮಳೆಗೆ ಕುಗ್ಗುತ್ತದೆ, ರಸ್ತೆಯ ಉದ್ದಕ್ಕೂ ಒಂದು ಕಾಲುವೆ ಉಳಿಯುತ್ತದೆ. ಒಂದು ಗೇಣಿಗಿಂತ ದಪ್ಪವಿಲ್ಲದ ಪದರಗಳಲ್ಲಿ ಮಣ್ಣು ತುಂಬಿ, ಪ್ರತಿ ಪದರ ದಮ್ಮಸು ಹೊಡೆದು, ಮೇಲಿನ ಮೈಯನ್ನು ಮೊದಲಿನಂತೆ ಮಾಡಿಕೊಡಬೇಕು. ಅಗೆಯುವವರಿಂದ ಮುಂಗಡ ಠೇವಣಿ ಇಡಿಸಿಕೊಳ್ಳಲಿ, ಒಂದು ಪೂರ್ತಿ ಮಳೆಗಾಲ ಕಳೆದು ರಸ್ತೆ ಕುಗ್ಗಲಿಲ್ಲವೆಂದು ಕಂಡ ಮೇಲೆಯೇ ಅದನ್ನು ಹಿಂದಿರುಗಿಸಲಿ. ಜೊತೆಗೆ, ಹೊಸ ಲೇಪ ಬೀಳುವ ಬೀದಿಗಳ ಪಟ್ಟಿಯನ್ನು ಒಂದು ವರ್ಷ ಮೊದಲೇ ಪ್ರಕಟಿಸಿದರೆ ಅಗೆಯುವವರು ಮೊದಲೇ ಅಗೆದು ಮುಗಿಸಬಹುದು.

ಡಾಂಬರಿನ ಗೊಡವೆಯೇ ಬೇಡ, ಎಲ್ಲ ಕಡೆ ಕಾಂಕ್ರೀಟ್ ಹಾಕಿಬಿಡಿ ಎನ್ನುವವರು ಈಗ ಹೆಚ್ಚು. ಹೆಚ್ಚು ಮಳೆಯ, ನೀರು ಸೋಸುವ ಜಾಗಕ್ಕೆ, ಏರು ದಾರಿಗೆ ಕಾಂಕ್ರೀಟ್ ಒಳ್ಳೆಯದೇ. ಆದರೆ ಅದಕ್ಕೆ ನಿರ್ವಹಣೆ ಬೇಡ ಎಂಬುದು ಸುಳ್ಳು. ಅದರ ಜಾಯಿಂಟುಗಳಿಗೆ ತುಂಬಿದ ವಸ್ತು ಕೆಲವು ವರ್ಷಕ್ಕೆ ಒಣಗಿ ಏಳುತ್ತದೆ, ಅಲ್ಲಿಂದ ನೀರು ಇಳಿದು ಅಡಿಯ ಮಣ್ಣು ಕೊಚ್ಚಿದರೆ ಹಲಗೆ ಸೀಳುತ್ತದೆ. ಡಾಂಬರಿನ ಹೊಂಡ ಮುಚ್ಚಿದಷ್ಟು ಸುಲಭವಾಗಿ ಸೀಳಿದ ಕಾಂಕ್ರೀಟ್ ಸರಿಯಾಗುವುದಿಲ್ಲ. ಹಳೆಯ ರಸ್ತೆಯ ಮೇಲೇ ಕಾಂಕ್ರೀಟ್ ಸುರಿದ ಕೇರಿಗಳಲ್ಲಿ ರಸ್ತೆ ಮನೆಯ ಜಗಲಿಯ ಮಟ್ಟಕ್ಕೆ ಏರಿ, ಮಳೆನೀರು ಅಂಗಳಕ್ಕೆ ನುಗ್ಗುವುದನ್ನು ಓದುಗರೂ ನೋಡಿರುತ್ತೀರಿ. ಅಲ್ಲಿ ಗಟಾರ ಮೊದಲು ಆಗಬೇಕಿತ್ತು.

2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನದ ಮಳೆ 500 ಮಿಲಿಮೀಟರ್ ದಾಟಿತು. ಅಷ್ಟು ನೀರಿಗೆ ಯಾವ ಗಟಾರವೂ ಸಾಲದು ಎಂಬುದು ನಿಜ. ಅಂಥ ಮಳೆ ಇನ್ನು ಮುಂದೆ ಅಪರೂಪವಾಗಿ ಉಳಿಯುವುದಿಲ್ಲ ಎಂಬ ಭಯ ನನ್ನದು. ಗಟಾರದಷ್ಟೇ ಕಾಳಜಿ ಸೇತುವೆಗೂ ಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಓಡಾಡುತ್ತಿದ್ದ ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿ ಬಂದ. ನಾಲ್ಕು ದಶಕ ಭಾರ ಹೊತ್ತ ಸೇತುವೆ ಅದು. ನಮ್ಮ ಜಿಲ್ಲೆಯಲ್ಲಿ ಹಳೆಯ ಮೋರಿ, ಸಂಕಗಳು ನೂರಾರಿವೆ. ಮಳೆಗಾಲದ ಮೊದಲೊಮ್ಮೆ, ನಂತರ ಒಮ್ಮೆ ಅವುಗಳ ಅಡಿಗೆ ಇಳಿದು ನೋಡುವ ಒಬ್ಬ ಮನುಷ್ಯನ ಸಂಬಳ ಒಂದು ಸೇತುವೆಯ ಬೆಲೆಯ ಮುಂದೆ ಏನೂ ಅಲ್ಲ.

ಆದ್ದರಿಂದ ನನ್ನ ಬೇಡಿಕೆ ಗ್ಯಾಂಗಿನವರು ಮರಳಬೇಕು ಎಂಬುದು. ಹಳೆಯ ರೂಪದಲ್ಲೇ ಆಗಬೇಕೆಂದಿಲ್ಲ. ಕೊಲಂಬಿಯಾ ದೇಶದಲ್ಲಿ 1984ರಿಂದ ರಸ್ತೆ ಬದಿಯ ಊರಿನವರದೇ ಸಣ್ಣ ಸಂಘಗಳಿಗೆ ಇಷ್ಟು ಕಿಲೋಮೀಟರ್ ಎಂದು ನಿರ್ವಹಣೆ ವಹಿಸಿದರು. ಗಟಾರ ತೆಗೆಯುವುದು, ಹುಲ್ಲು ಸವರುವುದು, ಮೋರಿ ಬಿಡಿಸುವುದು, ಸಣ್ಣ ಹೊಂಡ ಮುಚ್ಚುವುದು ಅವರ ಕೆಲಸ. ಸಂಬಳ ಹಾಜರಿಗೆ ಅಲ್ಲ, ರಸ್ತೆಯ ಸ್ಥಿತಿಗೆ. ಅದು ಲ್ಯಾಟಿನ್ ಅಮೆರಿಕದ ಬೇರೆ ದೇಶಗಳಿಗೂ ಹಬ್ಬಿತು. ನಮ್ಮಲ್ಲಿ ಇದಕ್ಕೆ ನೆಲ ಹದವಾಗಿಯೇ ಇದೆ. ಗ್ರಾಮ ಪಂಚಾಯತಿಗಳ ಸ್ವಚ್ಛ ವಾಹಿನಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓಡಿಸುತ್ತಿದ್ದಾರೆ. ಕಸದ ಗಾಡಿಯ ಜವಾಬ್ದಾರಿ ಹೊತ್ತವರು ಐದು ಕಿಲೋಮೀಟರ್ ರಸ್ತೆಯ ಜವಾಬ್ದಾರಿಯನ್ನೂ ಹೊರಬಲ್ಲರು. ಅವರಿಗೆ ಒಂದು ವಾರದ ತರಬೇತಿ, ಗುದ್ದಲಿ, ದಮ್ಮಸು, ಎಮಲ್ಷನ್ ಡ್ರಮ್ಮು, ಮಿಶ್ರಣದ ಚೀಲ, ಕಾಲಿಗೆ ಬೂಟು, ಮೈಗೆ ಹೊಳೆಯುವ ಅಂಗಿ ಕೊಡಿ. ಹಣವನ್ನು ತಿಂಗಳು ತಿಂಗಳು ತಪ್ಪದೆ ಕೊಡಿ. ಊರವರದೇ ರಸ್ತೆಯಾದ್ದರಿಂದ, ಗಟಾರಕ್ಕೆ ಮಣ್ಣು ತುಂಬಿದ ಮನೆಯ ಯಜಮಾನರಿಗೆ "ಅಣ್ಣಾ, ಒಂದು ದೊಡ್ಡ ಪೈಪ್ ಹಾಕ್ಸಿ" ಎಂದು ಹೇಳುವ ಸಲಿಗೆಯೂ ಅವರಿಗೆ ಇರುತ್ತದೆ. ಹೊರಗಿನ ಗುತ್ತಿಗೆದಾರರಿಗೆ ಅದು ಇಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಇದರ ಅರ್ಧ ದಾರಿ ನಡೆದಾಗಿದೆ. 2000ದ ಡಿಸೆಂಬರ್ 25ರಂದು ಶುರುವಾದ ಈ ಯೋಜನೆಯ ರಸ್ತೆ ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ಅದರ ನಿರ್ವಹಣೆಯನ್ನೂ ಮಾಡಬೇಕು. ರಸ್ತೆಯ ಆರಂಭದಲ್ಲಿರುವ ಫಲಕದಲ್ಲಿ ನಿರ್ವಹಣೆಯ ವಿವರ ಬರೆದಿರುತ್ತದೆ. ಆ ಫಲಕ ಓದುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಐದು ವರ್ಷ ಮುಗಿದ ಮೇಲೆ ಆ ರಸ್ತೆ ಯಾರದು ಎಂಬ ಪ್ರಶ್ನೆಗೆ ಊರಿನಲ್ಲಿ ಸ್ಪಷ್ಟ ಉತ್ತರ ಸಿಗುವುದಿಲ್ಲ. ಪಂಚಾಯತಿಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್‌ನದೋ, ಲೋಕೋಪಯೋಗಿಯದೋ. ಪ್ರತಿ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಒಂದು ಪಟ್ಟಿ ಇರಲಿ: ರಸ್ತೆಯ ಹೆಸರು, ಉದ್ದ, ಯಾರ ಸುಪರ್ದಿ, ಕೊನೆಯ ಸಲ ಲೇಪ ಹಾಕಿದ ವರ್ಷ, ಗಟಾರದ ಸ್ಥಿತಿ, ಮುಂದಿನ ಲೇಪದ ವರ್ಷ. ಇದಕ್ಕೆ ಬೇಕಾದದ್ದು ಒಬ್ಬ ಎಂಜಿನಿಯರ್, ಒಂದು ಬೈಕು, ಅಕ್ಟೋಬರಿನ ಕೆಲವು ದಿನಗಳು.

ನಮ್ಮ ಋತುಮಾನವೇ ಕೆಲಸದ ಪಟ್ಟಿ ಹಾಕಿಕೊಟ್ಟಿದೆ. ಮಳೆ ಬಿಟ್ಟ ಮೇಲೆ ದೀಪಾವಳಿಯೊಳಗೆ ರಸ್ತೆ ನೋಡಿ ಬಿರುಕು ಗುರುತಿಸುವುದು. ನೆಲ ಒಣಗಿ ಹದವಾದ ನವೆಂಬರ್‌ನಿಂದ ರಥಸಪ್ತಮಿಯ ತೇರಿನವರೆಗೆ ಬಿರುಕು ಮುಚ್ಚಿ ಲೇಪ ಕೊಡುವುದು. ಮೇ ತಿಂಗಳಲ್ಲಿ ಗಟಾರ, ಮೋರಿ. ಮಳೆಗಾಲದಲ್ಲಿ ಗುದ್ದಲಿ ಹಿಡಿದು ನಡೆಯುವುದು. ಇಂದು ಆಗುತ್ತಿರುವುದು ಇದಕ್ಕೆ ತಲೆಕೆಳಗು. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವ ಗಡಿಬಿಡಿಯಲ್ಲಿ ಮಂಜೂರಾತಿ ಬಂದು, ಮೇ ಕೊನೆಯಲ್ಲಿ ಮೋಡ ಕಟ್ಟಿದ ಆಕಾಶದ ಅಡಿಯಲ್ಲಿ ಡಾಂಬರು ಬೀಳುತ್ತದೆ.

ಇಡಗುಂಜಿ, ಮಂಕಿ, ಮುರ್ಡೇಶ್ವರ, ಕುಮಟಾ, ಎಲ್ಲೇ ಇರಲಿ, ಓದುಗರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಹೋಗಿ. ಹೊಸ ರಸ್ತೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ನಮ್ಮ ಊರಿನ ಒಳ್ಳೆಯ ರಸ್ತೆಗಳು ಯಾವುವು, ಅವುಗಳಿಗೆ ಈ ವರ್ಷ ನಿರ್ವಹಣೆಯ ಹಣ ಎಷ್ಟು ಇಟ್ಟಿದ್ದೀರಿ, ಗಟಾರ ತೆಗೆಯುವವರು ಯಾರು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮನೆಗೆ ಬಂದು ನಿಮ್ಮ ಅಂಗಳದ ಮುಂದಿನ ಗಟಾರದ ಮಣ್ಣು ತೆಗೆದು, ನೀರು ಸಲೀಸಾಗಿ ಹಾಯುವಷ್ಟು ದೊಡ್ಡ ಪೈಪ್ ಹಾಕಿಸಿ.